ಊರನೀರುಗುಡ್ಡಕ್ಕೆ ಹೆಸರು ಕೊಟ್ಟ ಗಿಳಿ

ಬಿಳಿಕಲ್ಲಹಟ್ಟಿಯ ಬಡಗಣ ದಿಕ್ಕಿಗೆ, ಕುರುಚಲು ಕಾಡಿನ ನಡುವೆ ಒಂಟಿಯಾಗಿ ನಿಂತಿರುವ ಬೋಳುಬಂಡೆಯ ಗುಡ್ಡವನ್ನು ಸುತ್ತಲಿನವರು ಊರನೀರುಗುಡ್ಡ ಎಂದು ಕರೆಯುತ್ತಾರೆ. ಅದರ ನೆತ್ತಿಯಲ್ಲಿ ಬೇಸಿಗೆಯಲ್ಲೂ ಬತ್ತದ ಕಲ್ಲಿನ ದೊಣೆಯೊಂದಿದೆ. ಗುಡ್ಡಕ್ಕೆ ಈ ಹೆಸರು ಒಂದು ಗಿಳಿಯ ಬಾಯಿಂದ ಬಂತು ಎನ್ನುತ್ತಾರೆ ಹಿರಿಯರು.

ಹಿಂದೆ, ಪಾಳೆಯಗಾರರ ಕಾಲದಲ್ಲಿ, ಹಟ್ಟಿಯಲ್ಲಿ ಕೆಂಚವ್ವ ಎಂಬ ಹೆಂಗಸಿದ್ದಳು. ಗೂಡಿನಿಂದ ಬಿದ್ದ ಗಿಳಿಮರಿಯನ್ನು ಸಾಕಿ ಅದಕ್ಕೆ ಮಾತು ಕಲಿಸಿದ್ದಳು. ಬರೀ ಉಲಿದರೆ ಅವಳಿಗೆ ಸಾಲದು. ಜೋಳ ತೋರಿಸಿ 'ಜೋಳ' ಎನ್ನುವಳು; ಗಿಳಿ ಹಾಗೆಂದರೆ ಜೋಳವನ್ನೇ ಕೊಡುವಳು. ಅದು ಮೆಣಸಿನಕಾಯಿ ಕೇಳಿದಾಗ ಬೇಕೆಂದೇ ಜೋಳ ಕೊಟ್ಟರೆ, ಕೊಕ್ಕಿನಿಂದ ಕಾಳನ್ನು ಎಸೆದು ಮತ್ತೆ 'ಮೆಣಸಿನಕಾಯಿ' ಎನ್ನುತ್ತಿತ್ತು. ದೊಣೆಯಿಂದ ತಂದ ನೀರು ಕುಡಿಸುವಾಗ ಅವಳು ಹೇಳಿಕೊಟ್ಟ ಹೆಸರು 'ಊರನೀರು'.

ಒಂದು ಬೇಸಿಗೆ ಆ ಸೀಮೆಯ ಕೋನಪ್ಪನಾಯಕ ದೊಣೆಗೆ ಹೋಗುವ ಬಂಡೆಸಂದಿಯಲ್ಲಿ ಎರಡು ಕಂಬ ನೆಟ್ಟು ಬಾಗಿಲು ಹಾಕಿಸಿ, ಇನ್ನು ಆ ನೀರು ತನ್ನ ಅರಮನೆಗೆ ಮಾತ್ರ ಎಂದು ಡಂಗುರ ಹೊಡೆಸಿದ. ಬಾಗಿಲು ಹತ್ತಿ ಒಂದು ಕೊಡ ನೀರು ತಂದ ಕೆಂಚವ್ವನ ಗಂಡ ದ್ಯಾವಣ್ಣನಿಗೆ ಬೆನ್ನು ಸುಲಿಯುವಂತೆ ಹೊಡೆಸಿದ. ಹಟ್ಟಿಯವರು ತಲೆ ತಗ್ಗಿಸಿಕೊಂಡು ನಿಂತರು. ಗಂಡನ ಗಾಯಕ್ಕೆ ಅರಿಸಿನ ಹಚ್ಚುತ್ತಿದ್ದ ಕೆಂಚವ್ವನಿಗೆ ನಾಯಕನ ಮೇಲೆ ಬಂದ ಸಿಟ್ಟಿಗಿಂತ ಹಟ್ಟಿಯವರ ಮೇಲೆ ಬಂದ ಸಿಟ್ಟೇ ದೊಡ್ಡದಾಗಿತ್ತು.

ಅಷ್ಟರಲ್ಲಿ ಗಿಳಿಯ ಸುದ್ದಿ ಕೇಳಿದ್ದ ನಾಯಕನಿಂದ ಅವಳಿಗೆ ಕರೆ ಬಂತು. ನೆರೆಯ ಪಾಳೆಯದಿಂದ ಬೀಗರು ಬರುವವರಿದ್ದರು. "ನೀರು ತೋರಿಸಿದರೆ ನಿನ್ನ ಗಿಳಿ 'ನಾಯಕರ ನೀರು' ಅನ್ನಬೇಕು," ಎಂದ ನಾಯಕ.

"ಅದಕ್ಕೆ ಸುಳ್ಳು ಬರಲ್ಲ, ದೊರೆ."

"ಹದಿನೈದು ದಿನ ಇದೆ, ಕಲಿಸು. ನಿನ್ನ ಗಂಡನ ಬೆನ್ನು ಇನ್ನೂ ಇದೆಯಲ್ಲ."

ಕೆಂಚವ್ವ ಹಲ್ಲು ಕಚ್ಚಿ ಕಲಿಸಿದಳು. ಗಿಳಿ ನೀರಿನ ಬಟ್ಟಲನ್ನು ನೋಡುವುದು, 'ಊರನೀರು' ಎನ್ನುವುದು. ಹೊಸ ಹೆಸರು ಹೇಳಲೆಂದು ಒಂದು ದಿನ ನೀರೇ ಕೊಡಲಿಲ್ಲ. ಸಂಜೆ ಹೊತ್ತಿಗೆ ಅದರ ರೆಕ್ಕೆ ಜೋತುಬಿದ್ದದ್ದು ಕಂಡು, 'ಅವನು ಊರಿಗೆ ಮಾಡಿದ್ದನ್ನೇ ನಾನು ನಿನಗೆ ಮಾಡಿದೆನಲ್ಲ' ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಮತ್ತೆ ಕಲಿಸಲು ಕೂರಲಿಲ್ಲ.

ಬೀಗರು ಬಂದರು. ಗುಡ್ಡ ಕಾಣುವ ಅರಮನೆಯ ಅಂಗಳದಲ್ಲಿ ಹಟ್ಟಿಯವರೂ ಸೇರಿದರು. ನಾಯಕ ದೊಣೆಯ ನೀರಿದ್ದ ಬೆಳ್ಳಿ ತಂಬಿಗೆಯನ್ನು ಬಗ್ಗಿಸಿ ಗಿಳಿಗೆ ತೋರಿಸಿದ. "ಊರನೀರು," ಎಂದಿತು ಗಿಳಿ, ಸ್ಪಷ್ಟವಾಗಿ. ಬೀಗರ ಸಾಲಿನಲ್ಲಿ ಯಾರೋ ನಕ್ಕರು. ನಾಯಕ ಅಲ್ಲಿಯೇ ಅದರ ಕತ್ತು ಹಿಸುಕಿ ನೆಲಕ್ಕೆಸೆದ.

ಕೆಂಚವ್ವ ಅದನ್ನು ಸೆರಗಿಗೆ ಎತ್ತಿಕೊಂಡಳು. ನಾಯಕನತ್ತ ನೋಡಲೂ ಇಲ್ಲ; ಹಟ್ಟಿಯವರತ್ತ ತಿರುಗಿದಳು. "ಹಿಡಿಯಷ್ಟು ಜೀವ ಹೇಳಿ ಸತ್ತಿತು. ಇಷ್ಟುದ್ದ ಬೆಳೆದಿದ್ದೀರಲ್ಲ, ಥೂ! ನಿಮ್ಮ ನಾಲಿಗೆಗೆ ಏನಾಗಿತ್ತು?" ಎಂದವಳೇ ಗುಡ್ಡ ಹತ್ತಿ ದೊಣೆಯ ಬಾಗಿಲನ್ನು ಒಬ್ಬಳೇ ಅಲುಗಿಸತೊಡಗಿದಳು. ಮೊದಲು ಬಂದವನು ಬೆನ್ನು ಮಾಗದ ದ್ಯಾವಣ್ಣ. ಅವನ ಹಿಂದೆ ಹೆಂಗಸರು, ಆಮೇಲೆ ಇಡೀ ಹಟ್ಟಿ. ಬಾಗಿಲ ಕಾವಲಿನವರ ಮನೆಯಲ್ಲೂ ನೀರಿರಲಿಲ್ಲ. ಅವರು ಈಟಿ ಕೆಳಗಿಟ್ಟರು. ಬೀಗರ ಕಣ್ಣೆದುರು ಊರಿಗೆ ಊರನ್ನೇ ಕಡಿಸಲಾರದೆ ನಾಯಕ ಅರಮನೆಯೊಳಗೆ ಹೋದ. ಹಟ್ಟಿಯವರು ಬಂದು ತಪ್ಪಾಯಿತು ಎಂದರೂ ಕೆಂಚವ್ವನ ಸಿಟ್ಟು ಸಾಯುವವರೆಗೆ ಇಳಿಯಲಿಲ್ಲ, ಇನ್ನೊಂದು ಹಕ್ಕಿಯನ್ನು ಅವಳು ಸಾಕಲಿಲ್ಲ ಎನ್ನುತ್ತಾರೆ.

ಇಂದು ಗುಡ್ಡ ಹತ್ತಿದವರಿಗೆ ಬಂಡೆಯಲ್ಲಿ ಕಂಬ ನೆಡಲು ಕೊರೆದ ಎರಡು ಚೌಕ ಕುಳಿಗಳು ಕಾಣುತ್ತವೆ. ಒಂದರ ಅಂಚು ಒಡೆದಿದೆ. ಹಟ್ಟಿಯವರು ಬಾಗಿಲಿನ ಕಂಬ ಕಿತ್ತದ್ದು ಆ ಕಡೆಯಿಂದ.