ಜಪಕ್ಕೆ ಕುಳಿತ ಮೊಲ

“ಗುರುಗಳೇ, ವಾಸಿಯಾಗದ ಪ್ರಾಣಿಯನ್ನು ಸೂಜಿಮದ್ದು ಕೊಟ್ಟು ಸಾಯಿಸಿದರೆ ಪಾಪ ಯಾರಿಗೆ?” ಎಂದು ಶಿಷ್ಯ ಕೇಳಿದ.

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ಗುರುಗಳು ವಿಚಾರಿಸಿದರು. ಅಂದು ಬೆಳಿಗ್ಗೆ ಶಿಷ್ಯ ಭಿಕ್ಷೆಗೆ ಹೋಗಿದ್ದ ಮನೆಯಲ್ಲಿ ಒಂದು ಮುದಿನಾಯಿ ಏಳಲಾರದೆ ಬಿದ್ದಿತ್ತು. ಇನ್ನು ಆಸೆಯಿಲ್ಲ, ನೋವಾಗದಂತೆ ಮುಗಿಸಬಹುದು ಎಂದು ಪಶುವೈದ್ಯರು ಹೇಳಿದ್ದರು. ಮನೆಯ ಯಜಮಾನ ಶಿಷ್ಯನ ಜೋಳಿಗೆಗೆ ಅಕ್ಕಿ ಹಾಕುತ್ತ ಇದನ್ನೇ ಕೇಳಿದ್ದ. ಗುರುಗಳನ್ನು ಕೇಳಿ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ತಡೆಯಿರಿ ಎಂದು ಶಿಷ್ಯ ಹೇಳಿ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ತುಳಸಿಮಣಿಗಳನ್ನು ಪೋಣಿಸಿ, ಜಪಮಾಲೆ ಮಾಡಿ ಮಾರುವುದು ಅವನ ಕಸುಬು. ದೇವಸ್ಥಾನದ ಬೀದಿಯಲ್ಲಿ ಮನೆ, ಮನೆಯ ಮುಂಭಾಗದಲ್ಲೇ ಅಂಗಡಿ. ಇರುವೆ ಕಂಡರೆ ಕಾಲು ಎತ್ತಿಡುವ ಮನುಷ್ಯ. ಏಕಾದಶಿಯ ದಿನ ನೀರನ್ನೂ ಮುಟ್ಟುತ್ತಿರಲಿಲ್ಲ.

ಅವನ ಮನೆಯಲ್ಲಿ ಒಂದು ಬಿಳಿ ಮೊಲವಿತ್ತು. ಹೆಂಡತಿಯ ತಮ್ಮ ಎಂದೋ ಬುಟ್ಟಿಯಲ್ಲಿ ತಂದು ಕೊಟ್ಟದ್ದು. ಅವನು ಮಣಿ ಪೋಣಿಸುವಾಗ ಅದು ಅವನ ಮಂಡಿಗೆ ಒತ್ತಿಕೊಂಡು ಕೂರುತ್ತಿತ್ತು. ಎದ್ದು ಒಳಗೆ ಹೋದರೆ ಹಿಂದೆಯೇ ಕುಪ್ಪಳಿಸಿ ಹೋಗುತ್ತಿತ್ತು. ಹಾಗೇ ವರ್ಷಗಳು ಕಳೆದವು. ಮೊಲಕ್ಕೆ ವಯಸ್ಸಾಯಿತು.

ಒಂದು ಏಕಾದಶಿಯ ದಿನ ಮೊಲ ಗರಿಕೆಯನ್ನು ಮುಟ್ಟಲಿಲ್ಲ. ಕೊತ್ತಂಬರಿ ಸೊಪ್ಪು ಇಟ್ಟರೆ ಮೂಸಿ ಮುಖ ತಿರುಗಿಸಿತು. ವ್ಯಾಪಾರಿ ಇದನ್ನು ನೋಡಿ ಸಂತೋಷಪಟ್ಟ. ನಮ್ಮ ಮನೆಯಲ್ಲಿ ಮೊಲವೂ ಉಪವಾಸ ಮಾಡುತ್ತದೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ.

ಮರುದಿನ ದ್ವಾದಶಿ. ಅವನು ಬೆಳಿಗ್ಗೆಯೇ ಪಾರಣೆ ಮಾಡಿದ. ಮೊಲ ಮಾಡಲಿಲ್ಲ. ಒಂದು ಮೂಲೆಯಲ್ಲಿ ಬೆನ್ನು ಮೇಲೆತ್ತಿ, ಮೈ ಮುದುರಿ, ಕಣ್ಣು ಅರೆ ಮುಚ್ಚಿ ಕುಳಿತಿತ್ತು. ಅದರ ಬಾಯಿ ಮಾತ್ರ ಮೆಲ್ಲಗೆ ಆಡುತ್ತಿತ್ತು. ಹತ್ತಿರ ಹೋದರೆ ಒಳಗಿಂದ ಸಣ್ಣಗೆ ಕಟಕಟ ಎಂಬ ಸದ್ದು ಕೇಳುತ್ತಿತ್ತು. ಹುಟ್ಟಿದಾಗಿನಿಂದ ಆ ಬೀದಿಯಲ್ಲಿ ಕಣ್ಣು ಮುಚ್ಚಿ ತುಟಿ ಆಡಿಸುವವರನ್ನೇ ನೋಡಿ ಬೆಳೆದವನು ಅವನು. ಅವನಿಗೆ ಬೇರೆ ಏನೂ ತೋಚಲಿಲ್ಲ. ಮೊಲ ಜಪಕ್ಕೆ ಕೂತಿದೆ ಎಂದ.

ಮಾತು ಬೀದಿಗೆ ಹರಡಿತು. ಜನ ನೋಡಲು ಬಂದರು. ಒಬ್ಬರು ಅದರ ಮುಂದೆ ದೀಪ ಇಟ್ಟರು. ಇನ್ನೊಬ್ಬರು ಅದರ ಕೊರಳಿಗೆ ಹೂವಿನ ಸರ ಹಾಕಿದರು. ಹೆಂಗಸರು ಎದುರು ಕುಳಿತು ತಾಳ ಹಾಕಿ ಹಾಡಿದರು. ತಾಳದ ಸದ್ದಿಗೂ ಮೊಲ ಅಲುಗಲಿಲ್ಲ. ಎಂಥ ಏಕಾಗ್ರತೆ ಎಂದು ಎಲ್ಲರೂ ಕೈ ಮುಗಿದರು. ಪಕ್ಕದ ಮನೆಯಾಕೆ ತನ್ನ ಗಂಡನ ಕಡೆ ತಿರುಗಿ, “ನೋಡಿ ಕಲಿತುಕೊಳ್ಳಿ. ನೀವು ಜಪಕ್ಕೆ ಕೂತರೆ ಒಗ್ಗರಣೆಯ ವಾಸನೆಗೇ ಎದ್ದು ಬರ್ತೀರಿ,” ಎಂದಳು. ಎಲ್ಲರೂ ನಕ್ಕರು. ಗಂಡನೂ ನಕ್ಕ.

ವ್ಯಾಪಾರಿಯ ಹೆಂಡತಿ ನಗಲಿಲ್ಲ. ಮನೆ ಗುಡಿಸುವವಳು ಅವಳು. ಮೊಲ ಮಲಗುವ ಮೂಲೆಯಲ್ಲಿ ಒಂದು ಹಿಕ್ಕೆಯೂ ಬಿದ್ದಿಲ್ಲ ಎಂಬುದು ಅವಳ ಕಣ್ಣಿಗೆ ಬಿದ್ದಿತ್ತು. ಎತ್ತಿಕೊಳ್ಳಲು ಹೋದರೆ ಅದರ ಮೈ ಕಲ್ಲಿನಂತೆ ಬಿಗಿಯಾಗುತ್ತಿತ್ತು. ಕೆಳಗೆ ಬಿಟ್ಟರೆ ತಣ್ಣನೆಯ ನೆಲ ಹುಡುಕಿ ಹೊಟ್ಟೆಯನ್ನು ಒತ್ತಿಕೊಂಡು ಕೂರುತ್ತಿತ್ತು. ಅವಳು ಗಂಡನನ್ನು ಒಳಗೆ ಕರೆದು ಇದನ್ನೆಲ್ಲ ಹೇಳಿದಳು. ಎಲ್ಲೋ ನೋಯುತ್ತಿದೆ, ಡಾಕ್ಟರನ್ನು ಕರೆಸೋಣ ಎಂದಳು.

“ತಪಸ್ಸಿಗೆ ಕೂತವರ ಮುಂದೆ ಯಾರಾದರೂ ಡಾಕ್ಟರನ್ನ ತಂದು ನಿಲ್ಲಿಸ್ತಾರೇನೇ?” ಎಂದ ವ್ಯಾಪಾರಿ.

ಅವಳು ವಾದ ಮಾಡಲಿಲ್ಲ. ಆ ದಿನ ಹೋಯಿತು. ಅದರ ಮರುದಿನ ಗಂಡ ದೇವಸ್ಥಾನಕ್ಕೆ ಹೋಗಿದ್ದಾಗ ಸೆರಗು ಹೊದ್ದುಕೊಂಡು ತಾನೇ ಹೋಗಿ ಪಶುವೈದ್ಯರನ್ನು ಕರೆದುಕೊಂಡು ಬಂದಳು.

ವೈದ್ಯರು ಬಂದಾಗ ಮನೆ ತುಂಬ ಜನ. ವ್ಯಾಪಾರಿಯೂ ಅಷ್ಟು ಹೊತ್ತಿಗೆ ಬಂದಿದ್ದ. ವೈದ್ಯರು ಮೊಲದ ಕೊರಳಿನ ಸರವನ್ನು ಪಕ್ಕಕ್ಕೆ ಸರಿಸಿ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿದರು. ಕಿವಿಗೆ ಕೊಳವೆ ಹಾಕಿಕೊಂಡು ಕೇಳಿದರು. ಬಹಳ ಹೊತ್ತು ಕೇಳಿದರು. ಆಮೇಲೆ ಎದ್ದು, “ಇದು ಜಪ ಅಲ್ಲ, ಯಜಮಾನರೇ. ನೋವು ತಡೀಲಾರದೆ ಹಲ್ಲು ಕಡೀತಿದೆ,” ಎಂದರು.

ವೈದ್ಯರು ವಿವರಿಸಿದರು. ಮೊಲ ತನ್ನ ನೋವನ್ನು ಹೊರಗೆ ತೋರಿಸುವ ಪ್ರಾಣಿಯಲ್ಲ. ಸೊರಗಿದ್ದು ತಿಳಿದರೆ ಹಿಡಿದು ತಿನ್ನುವವರು ಬರುತ್ತಾರೆ ಎಂಬ ಭಯ ಅದರ ಹುಟ್ಟಿನಲ್ಲೇ ಇದೆ. ತಾಳದ ಸದ್ದಿಗೆ ಅಲುಗದೆ ಕುಳಿತದ್ದೂ ಆ ಭಯಕ್ಕೇ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ. ಕರುಳು ನಿಂತುಹೋಗಿದೆ. ಕೊಯ್ದು ತೆಗೆಯೋಣವೆಂದರೆ ಈ ವಯಸ್ಸಿಗೆ ಅದು ತಾಳುವುದಿಲ್ಲ. ಮೊದಲ ದಿನವೇ ಕರೆದಿದ್ದರೆ ಉಳಿಯುತ್ತಿತ್ತೇ ಎಂದು ಹೆಂಡತಿ ಕೇಳಿದಳು. ಉಳಿಯುತ್ತಿರಲಿಲ್ಲ, ಆದರೆ ಇಷ್ಟು ನೋಯಬೇಕಾಗಿರಲಿಲ್ಲ ಎಂದರು ವೈದ್ಯರು.

ಇನ್ನು ಎರಡು ದಾರಿಗಳಿವೆ ಎಂದು ಅವರು ಹೇಳಿದರು. ಹೀಗೇ ಬಿಟ್ಟರೆ ತಾನಾಗಿ ಸಾಯುತ್ತದೆ, ಇವತ್ತೋ ನಾಳೆಯೋ ನಾಡಿದ್ದೋ ಹೇಳಲಾಗದು, ಅಲ್ಲಿಯವರೆಗೂ ಹೀಗೇ ಇರುತ್ತದೆ. ಇಲ್ಲವಾದರೆ ಮೊದಲು ಒಂದು ಮದ್ದು ಕೊಟ್ಟು ಗಾಢವಾಗಿ ಮಲಗಿಸಬಹುದು, ನಿದ್ದೆಯಲ್ಲಿದ್ದಾಗ ಇನ್ನೊಂದು ಕೊಟ್ಟರೆ ಎದೆ ನಿಲ್ಲುತ್ತದೆ. ಮೊದಲ ಸೂಜಿ ಚುಚ್ಚಿದ್ದು ಬಿಟ್ಟರೆ ಅದಕ್ಕೆ ಬೇರೇನೂ ತಿಳಿಯುವುದಿಲ್ಲ. ಸದ್ಯಕ್ಕೆ ನೋವು ತಗ್ಗಿಸಲು ಒಂದು ಮದ್ದು ಕೊಡುತ್ತೇನೆ, ಅದರ ಬಲ ಸಂಜೆಯವರೆಗೆ ಇದ್ದರೆ ಹೆಚ್ಚು. ಸಂಜೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಯೋಚಿಸಿ ಎಂದರು.

ವ್ಯಾಪಾರಿ ಅವರನ್ನು ಬಾಗಿಲವರೆಗೆ ಬಿಟ್ಟುಬರಲು ಹೋದ. ಹೋಗಿ, ತಗ್ಗಿದ ದನಿಯಲ್ಲಿ, ನಾನು ಬೇಡ ಅನ್ನದೆ ಸುಮ್ಮನಿದ್ದರೆ ಸಾಲದೇ, ನಾನು ಅಂಗಡಿಯಲ್ಲಿದ್ದಾಗ ನೀವೇ ಬಂದು ಮಾಡಿ ಹೋಗಬಹುದಲ್ಲ ಎಂದು ಕೇಳಿದ.

“ಆಗೋದಿಲ್ಲ. ಸಾಕಿದವರು ನೀವು. ನೀವೇ ಬಾಯಿಬಿಟ್ಟು ಹೇಳಬೇಕು,” ಎಂದರು ವೈದ್ಯರು.

ಅವನು ಒಳಗೆ ಬಂದಾಗ ಜನ ಎದ್ದು ಹೋಗಿರಲಿಲ್ಲ. ಚರ್ಚೆ ಶುರುವಾಗಿತ್ತು. ಪಾಪ ಚುಚ್ಚಿದ ಕೈಗೆ ಎಂದರು ಜವಳಿ ಅಂಗಡಿಯವರು. ವೈದ್ಯರದು ಉದ್ಯೋಗ, ಉದ್ಯೋಗದಲ್ಲಿ ಮಾಡಿದ್ದು ಅಂಟುವುದಿಲ್ಲ, ಅನುಮತಿ ಕೊಟ್ಟವನಿಗೇ ಅದು ಎಂದರು ಅರ್ಚಕರು. ಹಾಗಾದರೆ ವೈದ್ಯರನ್ನು ಕರೆದು ತಂದ ಹೆಂಗಸಿನ ಪಾಲು ಎಷ್ಟು ಎಂದು ಒಬ್ಬರು ಕೇಳಿದರು. ಹೆಂಡತಿಯದು ಗಂಡನ ಲೆಕ್ಕಕ್ಕೇ ಸೇರುತ್ತದೆ ಎಂದು ಇನ್ನೊಬ್ಬರು ಹೇಳಿದರು. ಪಕ್ಕದ ಮನೆಯ ಗಂಡಸು, ಪುಣ್ಯದಲ್ಲಿ ಮಾತ್ರ ಅರ್ಧ ಕೇಳುತ್ತಾರಲ್ಲ ಎಂದು ಗೊಣಗಿದ. ವ್ಯಾಪಾರಿಯೂ ಅವರ ನಡುವೆ ಕುಳಿತ. ಅವನೂ ಕೇಳಿದ, ಹೇಳಿದ. ಇಷ್ಟು ವರ್ಷ ಒಂದು ಇರುವೆಯನ್ನೂ ತುಳಿಯದ ಮನೆ, ಈಗ ಕೊಲೆ ಮಾಡಿಸಿದೆ ಅನ್ನಿಸಿಕೊಳ್ಳಬೇಕೇ ಎಂದ. ಜೀವ ಕೊಟ್ಟವನೇ ತೆಗೆದುಕೊಂಡು ಹೋಗಲಿ, ನಾವ್ಯಾರು ಎಂದ. ಎಲ್ಲರೂ ಅದು ಸರಿಯೆಂದು ತಲೆದೂಗಿದರು.

ಅತ್ತ ಹೆಂಡತಿ ಮೊಲವನ್ನು ಮಡಿಲಿಗೆ ಎತ್ತಿಕೊಂಡಿದ್ದಳು. ಮದ್ದು ಏರಿದ ಮೇಲೆ ಅದರ ಬೆನ್ನು ಇಳಿಯಿತು. ಹಿಂಗಾಲು ಚಾಚಿತು. ತಲೆಯನ್ನು ಅವಳ ಮಂಡಿಯ ಮೇಲೆ ಇಟ್ಟು ಮಲಗಿತು. ಬಾಯಿ ಆಡುವುದು ನಿಂತಿತು. ವೈದ್ಯರ ಕೈ ಸೋಕಿ ಜಪಕ್ಕೆ ಭಂಗ ಬಂತು ಎಂದು ಒಬ್ಬ ಮುದುಕ ಪೇಚಾಡಿಕೊಂಡ. ಅವಳು ಗಂಡನನ್ನು ಕೈಸನ್ನೆ ಮಾಡಿ ಕರೆದು ತೋರಿಸಿದಳು. ಅವನು ನೋಡಿದ. ಮೊಲ ತನ್ನ ಪಕ್ಕದಲ್ಲಿ ಕೂರುತ್ತಿದ್ದಾಗ ಹೀಗೆಯೇ ಕಾಲು ಚಾಚುತ್ತಿತ್ತು ಎಂಬುದು ಅವನಿಗೆ ನೆನಪಾಯಿತು. ಅದು ಹೀಗೆ ಮಲಗಿ ಎಷ್ಟು ದಿನವಾಯಿತೆಂದು ಅವನಿಗೆ ಹೇಳಲು ಬರಲಿಲ್ಲ. ಅವನು ಮತ್ತೆ ಹೋಗಿ ಜನರ ನಡುವೆ ಕುಳಿತ. ಆದರೆ ಮಾತಾಡಲಿಲ್ಲ.

ಹೊತ್ತು ಇಳಿಯಿತು. ಚರ್ಚೆ ಮುಗಿದಿರಲಿಲ್ಲ. ಪಾಪವನ್ನು ಹಂಚಿ ಹಾಕಬಹುದೇ, ಇಲ್ಲ ಒಬ್ಬನೇ ಹೊರಬೇಕೇ ಎಂಬಲ್ಲಿಗೆ ಬಂದಿತ್ತು. ಆಗ ಮೊಲದ ಮೈ ಮತ್ತೆ ಮುದುರಿತು. ಹೆಂಡತಿಯ ಮಡಿಲಿನಿಂದ ಇಳಿದು, ತೆವಳಿಕೊಂಡು ಹೋಗಿ ತಣ್ಣನೆಯ ನೆಲಕ್ಕೆ ಹೊಟ್ಟೆ ಒತ್ತಿತು. ಬಾಯಿ ಆಡತೊಡಗಿತು.

“ಶುರುವಾಯ್ತು, ಶುರುವಾಯ್ತು,” ಎಂದು ಮುದುಕ ಕೈ ಮುಗಿದ.

ವ್ಯಾಪಾರಿ ಎದ್ದ. ಮೊಲದ ಮುಂದೆ ನೆಲಕ್ಕೆ ಕುಳಿತು ಅದರ ಕೆನ್ನೆಯ ಮೇಲೆ ಬೆರಳಿಟ್ಟ. ಹಲ್ಲಿಗೆ ಹಲ್ಲು ಉಜ್ಜುವುದು ಅವನ ಬೆರಳಿಗೆ ತಿಳಿಯಿತು. ಈ ಸದ್ದನ್ನೇ ಅವನು ಜಪ ಎಂದು ಬೀದಿಗೆಲ್ಲ ಹೇಳಿದ್ದ. ಅವನು ಬೆರಳು ತೆಗೆಯಲಿಲ್ಲ. ಹಿಂದೆ ಮಾತು ನಡೆಯುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು ತಿರುಗಿ ನೋಡದೆಯೇ, “ಇನ್ನು ನೀವೆಲ್ಲ ಮನೆಗೆ ಹೋಗಿ,” ಎಂದ.

ತಪಸ್ವಿಯನ್ನು ಕೊಲ್ಲಿಸುತ್ತೀಯಾ ಎಂದು ಅರ್ಚಕರು ಕೇಳಿದರು. ಅವನು ಮೊಲವನ್ನು ತೊಡೆಯ ಮೇಲೆ ಎತ್ತಿಕೊಂಡ. ಜನ ಒಬ್ಬೊಬ್ಬರಾಗಿ ಎದ್ದರು. ಹೊರಗೆ ಜಗುಲಿಯ ಮೇಲೆ ನಿಂತು ಮತ್ತೆ ಅದನ್ನೇ ಮಾತಾಡಿದರು.

ವೈದ್ಯರು ಬಂದಾಗ ವ್ಯಾಪಾರಿ ಮೊಲದ ಕೊರಳಿನ ಸರವನ್ನು ತೆಗೆದಿದ್ದ. ದೀಪವನ್ನು ಬೇರೆ ಕಡೆ ಇಟ್ಟಿದ್ದ. ಮೊಲ ಅವನ ತೊಡೆಯ ಮೇಲಿತ್ತು.

“ಮಾಡಿ,” ಎಂದ. “ನಾನೇ ಹೇಳ್ತಿದೀನಿ.”

ನೋಡಲಾಗದಿದ್ದರೆ ಒಳಗೆ ಹೋಗಿರಬಹುದು ಎಂದರು ವೈದ್ಯರು. ಅವನು ಹೋಗಲಿಲ್ಲ. ಹೆಂಡತಿ ಹತ್ತಿರ ಕುಳಿತು ಒಂದು ಎಳೆ ಕೊತ್ತಂಬರಿ ಸೊಪ್ಪನ್ನು ಮೊಲದ ಮೂಗಿನ ಬಳಿ ಹಿಡಿದಳು. ಅದು ಮೂಸಿತು. ವೈದ್ಯರು ಮೊದಲ ಸೂಜಿ ಕೊಟ್ಟರು. ಮೊಲದ ಮೈ ಸ್ವಲ್ಪಸ್ವಲ್ಪವಾಗಿ ಸಡಿಲಿತು, ಬಾಯಿ ನಿಂತಿತು, ತಲೆ ಅವನ ಅಂಗೈಗೆ ಭಾರವಾಯಿತು. ವೈದ್ಯರು ಅದರ ಕಣ್ಣು ಮುಟ್ಟಿ ನೋಡಿ, ನಿದ್ದೆ ಬಂದಿದೆ ಎಂದು ಖಚಿತವಾದ ಮೇಲೆ ಎರಡನೆಯದನ್ನು ಕೊಟ್ಟರು. ವ್ಯಾಪಾರಿಯ ಕೈ ಅದರ ಎದೆಯ ಮೇಲಿತ್ತು. ಎದೆ ನಿಂತದ್ದನ್ನು ಯಾರೂ ಅವನಿಗೆ ಹೇಳಬೇಕಾಗಲಿಲ್ಲ.

ಹಿತ್ತಿಲಲ್ಲಿ ಗುಂಡಿ ತೋಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಹೂಳಿದರು.

ಆಮೇಲೆ ಕೆಲವರು ಅವನಲ್ಲಿ ಜಪಮಾಲೆ ಕೊಳ್ಳುವುದನ್ನು ಬಿಟ್ಟರು. ತಪಸ್ವಿಯನ್ನು ಕೊಲ್ಲಿಸಿದ ಕೈ ಪೋಣಿಸಿದ ಮಾಲೆ ಫಲ ಕೊಡುವುದಿಲ್ಲ ಎಂದರು. ವ್ಯಾಪಾರಿ ದಿನವೂ ಅಂಗಡಿ ತೆಗೆದ, ಮಣಿ ಪೋಣಿಸಿದ. ನೀನೇ ಹೇಳಿ ಮಾಡಿಸಿದೆಯಂತೆ ಹೌದೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತಿದ್ದ. ತಡವಾಗಿ ಹೇಳಿದೆ ಎನ್ನುತ್ತಿದ್ದ. ಅದರ ಮುಂದೆ ಒಂದು ಮಾತನ್ನೂ ಸೇರಿಸುತ್ತಿರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಕಡೆಗೆ ಅವನೇ ಕೈ ಮುಗಿದು, “ಗುರುಗಳೇ, ಆ ಮನೆಯವರು ಕಾಯುತ್ತಿದ್ದಾರೆ. ಪಾಪ ಯಾರಿಗೆ ಎಂದು ತಾವು ಹೇಳಲಿಲ್ಲವಲ್ಲ?” ಎಂದ.

“ಮಗು, ಮೊಲವನ್ನು ನಡುವೆ ಇಟ್ಟುಕೊಂಡು ಆ ಊರಿನವರು ಸಂಜೆಯವರೆಗೂ ಕೇಳಿದ್ದು ಇದನ್ನೇ,” ಎಂದರು ಗುರುಗಳು.