ಪೈಲ್ವಾನನ ಎರಡು ಮೊಣಕಾಲು

"ಗುರುಗಳೇ, ನನ್ನ ಎರಡೂ ಮೊಣಕಾಲು ಸವೆದಿವೆ. ಎರಡನ್ನೂ ಒಟ್ಟಿಗೇ ಬದಲಿಸಬಹುದು, ಬೇಡವೆಂದರೆ ಒಂದೊಂದಾಗಿಯೂ ಬದಲಿಸಬಹುದು ಎನ್ನುತ್ತಾರೆ ವೈದ್ಯರು. ಯಾವುದು ಸರಿ?" ಎಂದು ಪಂಪಾವತಿ ಕೇಳಿದಳು. ಖಾನಾವಳಿ ನಡೆಸಿ ಊರಿಗೆಲ್ಲ ಉಣಬಡಿಸಿದ ಹೆಂಗಸು ಆಕೆ. ನೆಲಕ್ಕೆ ಕೂರಲಾರದೆ ಮಠದ ಕಂಬಕ್ಕೆ ಒರಗಿ ನಿಂತಿದ್ದಳು.

ಗುರುಗಳು ಆಕೆಗೊಂದು ಕುರ್ಚಿ ಹಾಕಿಸಿ ಹೇಳತೊಡಗಿದರು.

ಒಬ್ಬ ಪೈಲ್ವಾನನಿದ್ದ. ಕುಸ್ತಿ ಬಿಟ್ಟರೂ ಗರಡಿಮನೆ ಬಿಟ್ಟಿರಲಿಲ್ಲ; ಎಳೆಯರಿಗೆ ಪಟ್ಟು ಹೇಳಿಕೊಡುತ್ತಿದ್ದ. ಎಷ್ಟೋ ಜನರನ್ನು ಎತ್ತಿದವನು, ತಾನು ಮಾತ್ರ ಯಾರ ಕೈಯನ್ನೂ ಹಿಡಿದವನಲ್ಲ. ಮೊಣಕಾಲು ಸವೆದು ಮೆಟ್ಟಿಲು ಹತ್ತುವುದು ಕಷ್ಟವಾದಾಗಲೂ, ಹೆಂಡತಿ ಕೈ ಚಾಚಿದರೆ ಕಾಣದವನಂತೆ ಗೋಡೆ ಹಿಡಿದು ಹೋಗುತ್ತಿದ್ದ.

ವೈದ್ಯರು ಪರೀಕ್ಷಿಸಿ ಹೇಳಿದರು: "ನಿಮ್ಮ ಹೃದಯ ಗಟ್ಟಿಯಾಗಿದೆ. ಎರಡನ್ನೂ ಒಂದೇ ಸಲ ಬದಲಿಸಬಹುದು. ಕಷ್ಟ ಹೆಚ್ಚು, ಆದರೆ ಒಂದೇ ಬಾರಿಗೆ ಮುಗಿಯುತ್ತದೆ. ಕೆಲವು ವಾರ ಮಾತ್ರ ಇನ್ನೊಬ್ಬರ ಆಸರೆಯಿಲ್ಲದೆ ಏಳಲಾಗದು."

ಪೈಲ್ವಾನ ಮನೆಗೆ ಬಂದು, "ಒಂದೊಂದಾಗಿಯೇ ಮಾಡಿಸುತ್ತೇನೆ. ಒಂದು ಕಾಲಾದರೂ ನನ್ನ ಮಾತು ಕೇಳಲಿ" ಎಂದ.

ಹೆಂಡತಿ ಕೇಳಿದಳು: "ನೀವು ಹೆದರುವುದು ಕತ್ತರಿಗೋ, ನಮ್ಮ ಕೈಗೋ?"

ಅವನಿಗೆ ಸಿಟ್ಟು ನೆತ್ತಿಗೇರಿತು. ಉಣ್ಣದೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಸಿಟ್ಟು ಇಳಿದು ಹಸಿವು ಹೆಚ್ಚಿದ ಮೇಲೆ ಏಳಲು ಹೋದ, ಮೊಣಕಾಲು ಏಳಗೊಡಲಿಲ್ಲ. ಕಂಬ ಹಿಡಿದು ಹವಣಿಸಿದ. ಆಗಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಈ ಸಲ ಆಕೆ ಕೈ ಚಾಚಲಿಲ್ಲ.

ಬಹಳ ಹೊತ್ತಿನ ಮೇಲೆ ಅವನು, "ಸ್ವಲ್ಪ ಬಾ" ಎಂದ. ಮದುವೆಯಾದಂದಿನಿಂದ ಆಕೆ ಅವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಹತ್ತಿರ ಬಂದು, ಅವನ ಕಂಕುಳಿಗೆ ಹೆಗಲು ಕೊಟ್ಟು ಎಬ್ಬಿಸಿದಳು. ಅವನ ಅಷ್ಟು ದೊಡ್ಡ ಮೈ ಒಂದೇ ಏಟಿಗೆ ಮೇಲೆದ್ದಿತು.

"ಇಷ್ಟು ಬಲ ಎಲ್ಲಿತ್ತೇ ನಿನಗೆ?" ಎಂದು ಅವನು ಬೆರಗಾದ.

"ಇತ್ತು. ನೀವು ಕೇಳಿರಲಿಲ್ಲ."

ಅವನು ಎರಡನ್ನೂ ಒಟ್ಟಿಗೇ ಮಾಡಿಸಿಕೊಂಡ. ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಮಗಳು ಹಿಡಿದು ಮೊದಲ ಸಲ ನಿಲ್ಲಿಸಿದಾಗ, ಅಖಾಡದಲ್ಲಿ ಹಲ್ಲು ಮುರಿದರೂ ಅಳದವನು ಗೊಳೋ ಎಂದು ಅತ್ತ. ಅತ್ತುಕೊಂಡೇ ಹೆಜ್ಜೆ ಇಟ್ಟ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಗರಡಿಗೆ ನಡೆದೇ ಹೋಗಿಬರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. "ಹಾಗಾದರೆ ನಾನೂ ಎರಡನ್ನೂ ಒಟ್ಟಿಗೇ ಮಾಡಿಸಿಕೊಳ್ಳಲೇ?" ಎಂದಳು ಪಂಪಾವತಿ.

"ನಿನ್ನ ಮೈ ಎಷ್ಟು ತಾಳುತ್ತದೆಂದು ವೈದ್ಯರು ಹೇಳಲಿ ತಾಯಿ, 'ಸ್ವಲ್ಪ ಬಾ' ಎಂದು ನೀನು ಯಾರನ್ನು ಕರೆಯುತ್ತೀಯ, ಅದನ್ನು ನನಗೆ ಹೇಳು."