ಹೆಣದ ಪಾತ್ರ

“ಗುರುಗಳೇ, ಹೆಣದ ಪಾತ್ರ ಮಾಡುವುದಕ್ಕೆ ಕಲಿಯುವಂಥದ್ದು ಏನಿದೆ?”

ಕೇಳಿದವನು ಶಿಷ್ಯ ಭರಮಪ್ಪ. ಗುರುಗಳು ಫಿನ್ಲೆಂಡ್ ದೇಶದ ಒಂದು ನಾಟಕದ ತಾಲೀಮು ಶುರುಮಾಡಿದ್ದರು. ಹಿಮ ಬಿದ್ದು ದಾರಿ ಮುಚ್ಚಿದ ಒಂದು ಹಳ್ಳಿ. ಅಲ್ಲೊಬ್ಬ ಸಾಯುತ್ತಾನೆ. ನೆಲ ಕಲ್ಲಾಗಿದೆ, ಗುದ್ದಲಿ ಇಳಿಯುವುದಿಲ್ಲ. ಹೂಳಬೇಕೆಂದರೆ ಹಿಮ ಕರಗಬೇಕು. ಅಲ್ಲಿಯವರೆಗೆ ಊರವರು ಅವನನ್ನು ಬೆಂಚಿನ ಮೇಲೆ ಮಲಗಿಸಿಕೊಂಡು ಅವನ ಜೊತೆ ಜಗಳವಾಡುತ್ತಾರೆ, ಇಸ್ಪೀಟು ಆಡುತ್ತಾರೆ, ಆಟದಲ್ಲಿ ಮೋಸವನ್ನೂ ಮಾಡುತ್ತಾರೆ. ನೋಡುವವರಿಗೆ ನಗುವೋ ನಗು. ಕಲ್ಲನ್ನೂ ನಗಿಸಬಲ್ಲ ಭರಮಪ್ಪನಿಗೆ ಸಿಕ್ಕಿದ್ದು ಆ ಬೆಂಚು. ಇದೂ ಒಂದು ಪಾತ್ರವೇ? ನಾಟಕ ಬಿಟ್ಟೇ ಹೋಗುತ್ತೇನೆ ಎಂದು ಅವನು ಬೆಳಗಿನಿಂದ ಗೊಣಗುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಇದೇ ನಾಟಕವನ್ನು ಹಿಂದೆ ಒಂದು ತಂಡ ಆಡುತ್ತಿತ್ತು. ಹೆಣದ ಪಾತ್ರ ಒಬ್ಬ ಹಾಸ್ಯಗಾರನದು. ಸುಮ್ಮನಿರುವ ಪ್ರಾಣಿಯಲ್ಲ. ಎರಡನೇ ಅಂಕದಲ್ಲಿ ಇಸ್ಪೀಟಿನವನು, ನಿನ್ನ ಸರದಿ, ಎಲೆ ಹಾಕು ಎನ್ನುತ್ತಿದ್ದ. ಹೆಣ ಎದ್ದು ಕೂತು, ಎಲೆ ಹಾಕಿ, ಮತ್ತೆ ಮಲಗುತ್ತಿತ್ತು. ನಾಟಕದಲ್ಲಿ ಹಾಗೆ ಬರೆದಿರಲಿಲ್ಲ. ಜನ ಕುರ್ಚಿಯಿಂದ ಉರುಳುತ್ತಿದ್ದರು. ಆ ಒಂದು ನಗುವಿಗಾಗಿಯೇ ಆ ಹೆಣ ಬದುಕಿತ್ತು.

ಒಮ್ಮೆ ತಂಡ ಹರಿಗೋಲಿನಲ್ಲಿ ಹೊಳೆ ನಡುವಿನ ಒಂದು ನಡುಗಡ್ಡೆಗೆ ಹೋಯಿತು. ಹೊಳೆ ಏರಿದರೆ ಆ ಊರಿಗೆ ಯಾರೂ ಬರಲಾರರು, ಅಲ್ಲಿಂದ ಯಾರೂ ಹೋಗಲಾರರು. ಹೂಳುವ ಜಾಗವೂ ನೀರಿನಡಿ. ಆಗ ಯಾರಾದರೂ ಸತ್ತರೆ ಬಾಳೆದಿಂಡಿನ ತೆಪ್ಪದ ಮೇಲಿಟ್ಟು ಹೊಳೆಗೆ ಬಿಡುತ್ತಾರೆ. ಬಿಡುವಾಗ ಯಾರೂ ಮಾತಾಡುವಂತಿಲ್ಲ, ಆಮೇಲೆ ಹೆಸರು ಹಿಡಿದು ಕರೆಯುವಂತೆಯೂ ಇಲ್ಲ. ಕರೆದರೆ ಹೋಗುವವನು ತಿರುಗಿ ನೋಡುತ್ತಾನೆ, ತಿರುಗಿದವನಿಗೆ ದಾರಿ ತಪ್ಪುತ್ತದೆ ಎಂಬುದು ಅಲ್ಲಿಯ ನಂಬಿಕೆ. ಹೆತ್ತ ತಾಯಿಯೂ ಬಾಯಿಗೆ ಸೆರಗು ತುರುಕಿಕೊಂಡೇ ದಡದಲ್ಲಿ ನಿಲ್ಲುತ್ತಾಳೆ.

ಇಳಿಬಿಸಿಲಿನಲ್ಲಿ ನಾಟಕ ಶುರುವಾಯಿತು. ಯಾರೂ ನಗಲಿಲ್ಲ. ಸತ್ತವನನ್ನು ಒಂದು ಚಳಿಗಾಲ ಪೂರ್ತಿ ಎದುರಿಗಿಟ್ಟುಕೊಂಡು ಮನಸ್ಸು ತಣಿಯುವಷ್ಟು ಬೈಯಬಹುದಾದ ದೇಶವೂ ಒಂದಿದೆಯೇ ಎಂದು ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬೆಂಚಿನ ಮೇಲೆ ಹಾಸ್ಯಗಾರ ಬೆವೆತ. ಇರಲಿ, ಎಲೆ ಹಾಕುವಾಗ ಹೇಗೆ ನಗುವುದಿಲ್ಲವೋ ನೋಡೋಣ ಎಂದುಕೊಂಡ.

ಅವನ ಸರದಿ ಬಂತು. ಏಳಬೇಕು, ಅಷ್ಟರಲ್ಲಿ ಒಬ್ಬ ಮುದುಕಿ ರಂಗದ ಮೇಲೆ ಹತ್ತಿದಳು. ಇದು ನಾಟಕವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನ ಈ ಹೆಣ ಅವಳ ಮನೆಯಲ್ಲೇ ರೊಟ್ಟಿ ತಿಂದು ತೇಗಿತ್ತು. ಅವಳು ಇಸ್ಪೀಟಿನವನನ್ನು ಆಚೆ ಸರಿಸಿ ಬೆಂಚಿನ ತುದಿಗೆ ಕೂತಳು. ಹಿಂದಿನ ಮಳೆಗಾಲದಲ್ಲಿ ಹೊಳೆಗೆ ಬಿಟ್ಟ ಮಗನ ಹೆಸರು ಹಿಡಿದು ಕರೆದಳು.

ಊರಿಗೆ ಊರೇ ಉಸಿರು ಬಿಗಿಹಿಡಿಯಿತು.

ಹಾಸ್ಯಗಾರನ ಬೆರಳು ಎಲೆಯ ಮೇಲಿತ್ತು. ಅವನು ಅಲುಗಾಡಲಿಲ್ಲ. ಹೆಣ ತಿರುಗಿ ನೋಡಲಿಲ್ಲ.

“ಕೊಡಲಿ ಎಲ್ಲಿ ಇಟ್ಟು ಹೋದಿ, ಯಪ್ಪಾ?” ಎಂದಳು ಮುದುಕಿ. “ಹುಡುಕಿ ಹುಡುಕಿ ಸಾಕಾಗೇತಿ.”

ಅವಳ ಹಿಂದೆ ಇನ್ನೊಬ್ಬ ಬಂದು ನಿಂತ. ಅವನ ಹಿಂದೆ ಸಾಲು ಬೆಳೆಯಿತು. ಒಬ್ಬ, ನೀನು ಹೊದಿಸಿದ ಸೂರು ಸೋರುತ್ತಿದೆ ಎಂದು ಸತ್ತ ಅಣ್ಣನನ್ನು ಬೈದ. ಒಬ್ಬಳು ತಾನು ಮತ್ತೆ ಮದುವೆಯಾಗಿದ್ದೇನೆಂದೂ ಇವನೂ ಗೊರಕೆ ಹೊಡೆಯುತ್ತಾನೆಂದೂ ಮೊದಲಿನ ಗಂಡನಿಗೆ ವರದಿ ಒಪ್ಪಿಸಿದಳು. ಆಗ ಜನ ನಕ್ಕರು. ನಗುತ್ತಲೇ ಅತ್ತರು. ಹಾಸ್ಯಗಾರ ಅಂಥ ನಗುವನ್ನು ಯಾವ ಊರಿನಲ್ಲೂ ಕೇಳಿರಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಜಾರಿತು. ಪಕ್ಕದಲ್ಲಿದ್ದ ಮುದುಕಿ ಅದನ್ನು ಕಂಡಳು. ಸೆರಗಿನಿಂದ ಒರೆಸಿ, ಬೇರೆ ಯಾರಿಗೂ ಕೇಳಿಸದಂತೆ ಹೇಳಿದಳು:

“ಸುಮ್ಮನ ಮಲಕೋ ತಮ್ಮಾ, ಇನ್ನೂ ಮಂದಿ ಅದಾರ.”

ಗುರುಗಳು ಕತೆ ನಿಲ್ಲಿಸಿದರು. ಭರಮಪ್ಪ ತಾಲೀಮಿಗೆಂದು ಇಟ್ಟಿದ್ದ ಖಾಲಿ ಬೆಂಚಿನ ಕಡೆ ನೋಡಿದ. ಆ ಹಾಸ್ಯಗಾರ ಎದ್ದದ್ದು ಯಾವಾಗ ಎಂದು ಮೆಲ್ಲಗೆ ಕೇಳಿದ.

“ಸಾಲು ಇನ್ನೂ ಮುಗಿದಿಲ್ಲ, ಹೋಗಿ ಬೆಂಚಿನ ಮೇಲೆ ಮಲಗು.”